ಹಸಿ ಎಲೆಗೆ ಹೆದರಿದವನು

ಭಾನುವಾರ ಮಧ್ಯಾಹ್ನದ ಮೇಲೆ ನಮ್ಮ ಮನೆಗೆ ಯಾರಾದರೂ ಬಂದರೆ ನಾನು ಸಿಗುವುದು ಅಡುಗೆಮನೆಯ ಸಿಂಕಿನ ಮುಂದೆ. ಲುಂಗಿ ಎತ್ತಿ ಕಟ್ಟಿ, ತೋಳು ಮಡಿಸಿ, ನಲ್ಲಿಯ ಕೆಳಗೆ ಒಂದೊಂದೇ ಎಲೆ ಹಿಡಿದು, ಮಗುವಿನ ಕಿವಿಯ ಹಿಂದೆ ತೊಳೆಯುವ ಹಾಗೆ ಹೆಬ್ಬೆರಳಿನಿಂದ ಉಜ್ಜುತ್ತಾ ನಿಂತಿರುತ್ತೇನೆ. ಪಕ್ಕದ ಮನೆಯ ಮರಿಯಪ್ಪನವರು ಒಮ್ಮೆ ಪೇಪರು ಕೇಳಲು ಬಂದವರು ಬಾಗಿಲಲ್ಲೇ ನಿಂತು ಬಹಳ ಹೊತ್ತು ನೋಡಿದರು.

"ಏನ್ ಸಾ ಅದು, ಕೋಸಾ?"

"ಲೆಟ್ಯೂಸು."

"ಬೇಯ್ಸೋ ಸೊಪ್ಪಿಗೆ ಇಷ್ಟೊಂದು ತೊಳೀಬೇಕಾ?"

"ಬೇಯ್ಸಲ್ಲ. ಹಂಗೇ ತಿನ್ನೋದು."

ಅವರು ಪೇಪರು ತೆಗೆದುಕೊಂಡು ಹೋದರು. ದನ ತಿನ್ನುವ ಹಾಗಾ ಎಂದು ಕೇಳಬೇಕೆನಿಸಿತ್ತೇನೋ, ಕೇಳಲಿಲ್ಲ. ದೊಡ್ಡ ಮನುಷ್ಯರು. ಆದರೆ 'ಹಂಗೇ ತಿನ್ನೋದು' ಅನ್ನುವ ಮಾತು ಬಾಯಿಂದ ಹೊರಟಾಗ ಈಗಲೂ ನಾನು ತೊಳೆದಿಟ್ಟ ಎಲೆಯನ್ನೇ ಮತ್ತೆ ನಲ್ಲಿಯ ಕೆಳಗೆ ಹಿಡಿಯುತ್ತೇನೆ. ಅದು ಯಾಕೆ ಎಂದು ಹೇಳುವುದಕ್ಕೇ ನಿಮ್ಮನ್ನು ಕೂರಿಸಿಕೊಂಡಿದ್ದೇನೆ.

ನಾನು ಹೊಳೆನರಸೀಪುರದ ಪೇಟೆಯಲ್ಲಿ ಔಷಧಿ ಅಂಗಡಿ ಇಟ್ಟವನು. ಊರಿನವರೆಲ್ಲ ನನ್ನನ್ನು ಧೈರ್ಯಸ್ಥ ಅಂದುಕೊಂಡಿದ್ದಾರೆ. ಜ್ವರ ಬಂದವರಿಗೆ, ಸಕ್ಕರೆ ಏರಿದವರಿಗೆ, ಎದೆ ಹಿಡಿದುಕೊಂಡು ಬಂದವರಿಗೆ ಕೌಂಟರಿನ ಈಚೆಯಿಂದ ಸಮಾಧಾನ ಹೇಳುತ್ತೇನಲ್ಲ, ಅದಕ್ಕೆ. ನಿಜ ಹೇಳಬೇಕೆಂದರೆ ಔಷಧಿ ಅಂಗಡಿಯವನಷ್ಟು ಪುಕ್ಕಲ ಇನ್ನೊಬ್ಬನಿರಲಾರ. ಪ್ರತಿಯೊಂದು ಮಾತ್ರೆಯ ಡಬ್ಬಿಯೊಳಗೂ ಒಂದು ಕಾಗದ ಮಡಚಿಟ್ಟಿರುತ್ತಾರೆ, ಇರುವೆ ಸಾಲಿನಂಥ ಅಕ್ಷರದಲ್ಲಿ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಬೇರೆಯವರು ಫೋನು ನೋಡಿದರೆ ನಾನು ಅದನ್ನು ಓದುತ್ತೇನೆ. ತಲೆನೋವಿನ ಮಾತ್ರೆಯಿಂದ ಏನೇನಾಗಬಹುದು ಎಂದು ಓದಿಕೊಂಡವನಿಗೆ ತಲೆನೋವು ಬಂದರೆ ಮಾತ್ರೆ ನುಂಗುವ ಧೈರ್ಯ ಎಲ್ಲಿಂದ ಬರಬೇಕು? ಒದ್ದೆ ಬಟ್ಟೆ ಕಟ್ಟಿಕೊಂಡು ಮಲಗುತ್ತೇನೆ.

ನನ್ನ ಅಂಗಡಿಯಲ್ಲಿ ಭಯವಿಲ್ಲದೆ ನಾನು ಕೊಡುತ್ತಿದ್ದ ಔಷಧಿ ಅಂದರೆ ಹುಳದ ಮಾತ್ರೆ ಒಂದೇ. ಹಳ್ಳಿಯ ಹೆಂಗಸರು ಮಗುವನ್ನು ಕಂಕುಳಲ್ಲಿ ಇಟ್ಟುಕೊಂಡೇ ಬರುತ್ತಿದ್ದರು.

"ಸಾ, ಒಂದ್ ಹುಳದ ಮಾತ್ರೆ ಕೊಡಿ. ಈವಯ್ಯ ನಿದ್ದೇಲಿ ಹಲ್ ಕಡೀತಾನೆ."

"ತಗೋ ತಾಯಿ. ಇದನ್ನ ಅಗ್ಸಿ ನುಂಗ್ಸು. ಹುಳ ಎಲ್ಲ ಗಂಟು ಮೂಟೆ ಕಟ್ಕೊಂಡು ಹೊರಡ್ತವೆ."

ಅವರು ನಗುತ್ತಿದ್ದರು, ನಾನೂ ನಗುತ್ತಿದ್ದೆ. ಹುಳ ಅಂದರೆ ನನಗೆ ನಗುವಿನ ಸಂಗತಿಯಾಗಿತ್ತು.

ನಾನು ಹುಡುಗನಾಗಿದ್ದಾಗ ನಮ್ಮ ಬೀದಿಗೆ ಬೆಳಗ್ಗೆ ಸೊಪ್ಪಿನವಳು ಬರುತ್ತಿದ್ದಳು. ಮಂಕರಿ ಇಳಿಸಿದರೆ ಒದ್ದೆ ಗೋಣಿಯ ವಾಸನೆ, ಅದರಡಿಯಲ್ಲಿ ದಂಟು, ಕೀರೆ, ಸಬ್ಬಸಿಗೆ, ಚಿಲಕವತ್ತಿ. ಅಮ್ಮ ಕಂತೆ ಬಿಚ್ಚುತ್ತಲೂ ಇರಲಿಲ್ಲ. ಬಕೆಟ್ಟಿನಲ್ಲಿ ತಲೆಕೆಳಗು ಮಾಡಿ ಅದ್ದಿ, ಎತ್ತಿ, ಒಗೆಯುವ ಕಲ್ಲಿನ ಮೇಲೆ ಪಟಪಟ ಎರಡು ಸಲ ಬಡಿದರೆ ತೊಳೆದಾಯಿತು. ಸುತ್ತ ನಿಂತ ನಮ್ಮ ಮೇಲೆಲ್ಲ ನೀರು ಹಾರುತ್ತಿತ್ತು. ಮಸ್ಸೊಪ್ಪಿನ ಜೊತೆ ಮುದ್ದೆ ನುಂಗುವಾಗ ಹಲ್ಲಿಗೆ ಕರಕ್ ಎಂದು ಸಿಕ್ಕಿದರೆ ಅಪ್ಪ, "ಏನೇ, ಇವತ್ತು ಹೊಳೆ ಮರಳೂ ಹಾಕಿದೀಯಾ?" ಅನ್ನುತ್ತಿದ್ದರು. ಅಮ್ಮ ಒಂದು ಸೌಟು ಜಾಸ್ತಿ ಬಡಿಸುತ್ತಿದ್ದಳು. ನಾನು ಮಾತ್ರ ಆಗಲೂ ಹೆದರುವವನೇ. ಸೊಪ್ಪಿನ ಒಳಗೆ ಹಸಿರು ಕಂಬಳಿಹುಳ ಬೆಂದು ಮಲಗಿರುತ್ತದೆಂದು ಅನುಮಾನಪಟ್ಟು, ಬಟ್ಟಲನ್ನು ಬೆಳಕಿಗೆ ವಾಲಿಸಿ ನೋಡಿ, ಬೆನ್ನಿಗೆ ಗುದ್ದು ತಿಂದು, ಆಮೇಲೆ ಊಟ ಮಾಡುತ್ತಿದ್ದೆ.

ಇಂಥವನಿಗೆ ಕೊಣನೂರಿನ ಗಿರಿಜ ಗಂಟುಬಿದ್ದಳು. ಹೆಣ್ಣು ನೋಡಲು ಹೋದ ದಿನ ಒಳಗಿನ ಕೋಣೆಯಲ್ಲಿ ಇರಬೇಕಾದವಳು ಹಿತ್ತಿಲ ಕಡೆಯಿಂದ ಬಂದಳು, ಕೈಯಲ್ಲಿ ಆಗಷ್ಟೇ ಕಿತ್ತ ಮೂಲಂಗಿ. ನಮ್ಮನ್ನು ಕಂಡು ಗಾಬರಿಯಾಗಿ, ಏನು ಮಾಡಬೇಕೋ ತೋಚದೆ, ಅದನ್ನು ಸೀರೆಯ ಸೆರಗಿಗೆ ಒರೆಸಿ ಒಂದು ಸಲ ಕಚ್ಚಿದಳು. ಕಚ್ಚಿದ ಸದ್ದು ನಡುಮನೆಗೆಲ್ಲ ಕೇಳಿಸಿತು. ನಮ್ಮ ಚಿಕ್ಕಪ್ಪ ದಾರಿಯುದ್ದಕ್ಕೂ ಅದನ್ನೇ ಹೇಳಿಕೊಂಡು ನಕ್ಕರು. ನನಗೆ ಮೂಲಂಗಿಗೆ ಅಂಟಿದ್ದ ಮಣ್ಣೇ ಕಣ್ಣ ಮುಂದೆ. ಆದರೂ ಒಪ್ಪಿಕೊಂಡೆ.

ಮದುವೆಯಾದ ಮೇಲೆ ಗೊತ್ತಾಯಿತು, ಅವಳಿಗೆ ಹಸಿಯದರ ಮೇಲೆ ಪ್ರಾಣ. ಮೆಂತ್ಯ ಬಿಡಿಸುತ್ತಾ ಎಳೆಯ ಎಲೆಗಳನ್ನು ಬಾಯಿಗೆ ಹಾಕಿಕೊಳ್ಳುವಳು. ಸುಗ್ಗಿಯ ಕಾಲದಲ್ಲಿ ತವರಿಗೆ ಹೋದರೆ ಹೊಲದ ಬದುವಿನಲ್ಲಿ ಕೂತು ಹಸಿ ಕಡಲೆಯ ಗಿಡದ ಹುಳಿಯನ್ನು ನೆಕ್ಕುವಳು. ಕೋಸಂಬರಿ ಮಾಡಿದ ದಿನ ಅನ್ನಕ್ಕೆ ಜಾಗವೇ ಇಲ್ಲ. "ನೀನು ಹಿಂದಿನ ಜನ್ಮದಲ್ಲಿ ಮೇಕೆ" ಅಂದರೆ, "ಮೇಕೆ ಕಟ್ಕೊಂಡೋರು ಏನಾಗಿದ್ರೋ ಪಾಪ" ಅನ್ನುವಳು. ಹಳ್ಳಿಮೈಸೂರಿನ ಕಡೆಯ ಒಂದು ಶಾಲೆಯಲ್ಲಿ ಮೇಷ್ಟ್ರು ಕೆಲಸ. ದಿನವೆಲ್ಲ ಮಕ್ಕಳೊಂದಿಗೆ ಮಾತಾಡಿ, ಮನೆಗೆ ಬಂದು ನನ್ನೊಂದಿಗೂ ಮಾತಾಡುವಷ್ಟು ಮಾತು ಅವಳಲ್ಲಿ ಉಳಿದಿರುತ್ತಿತ್ತು.

ಅವತ್ತೂ ಮಾತಾಡುತ್ತಲೇ ಇದ್ದಳು. ಅವರೆಕಾಯಿಯ ಕಾಲ. ನಡುಮನೆಯಲ್ಲಿ ಮೊರದ ಮುಂದೆ ಕೂತು ಕಾಯಿ ಸುಲಿಯುತ್ತಾ, ಶಾಲೆಯ ಹೆಡ್‌ಮಾಸ್ತರು ಬಿಸಿಯೂಟದ ಪಾತ್ರೆಗಳ ವಿಚಾರದಲ್ಲಿ ಮಾಡಿದ ರಂಪವನ್ನು ಹೇಳುತ್ತಿದ್ದಳು. ನಾನು ಪೇಪರಿನ ಹಿಂದಿನಿಂದ ಹೂಂ ಅನ್ನುತ್ತಿದ್ದೆ.

"ಅಲ್ಲ ಕಣ್ರೀ, ಅವರಿಗೆ ನಾನು ಹೇಳ್ದೆ, ಪಾತ್ರೆ ಅಲ್ಲೇ..."

ಮಾತು ಅಲ್ಲಿಗೆ ನಿಂತಿತು. ನಾನು ಇನ್ನೊಂದು ಹೂಂ ಅಂದೆ. ಮುಂದಿನ ಮಾತು ಬರಲಿಲ್ಲ. ಪೇಪರು ಇಳಿಸಿ ನೋಡಿದರೆ ಅವಳ ಬಲಗೈಯ ಬೆರಳುಗಳು ತಮ್ಮಷ್ಟಕ್ಕೆ ತಾವೇ ಕುಣಿಯುತ್ತಿದ್ದವು. ಅವಳು ಅದನ್ನು ಬೇರೆ ಯಾರದೋ ಕೈ ಅನ್ನುವ ಹಾಗೆ ನೋಡುತ್ತಿದ್ದಳು. ಆಮೇಲೆ ಕುಣಿತ ತೋಳಿಗೆ ಹತ್ತಿತು, ಬಾಯಿ ಒಂದು ಕಡೆಗೆ ಎಳೆಯಿತು, ಮೊರ ಮಗುಚಿ ಅವರೆಕಾಳು ನಡುಮನೆಯ ತುಂಬ ಚೆಲ್ಲಿ, ಗಿರಿಜ ಪಕ್ಕಕ್ಕೆ ಬಿದ್ದಳು.

ಫಿಟ್ಸ್ ಬಂದವರಿಗೆ ಏನು ಮಾಡಬೇಕೆಂದು ನಾನು ಅದೆಷ್ಟು ಜನಕ್ಕೆ ಹೇಳಿಕೊಟ್ಟಿದ್ದೇನೋ. ಪಕ್ಕಕ್ಕೆ ಮಲಗಿಸಿ, ಬಾಯಿಗೆ ಏನೂ ಹಾಕಬೇಡಿ, ಕೈಗೆ ಕಬ್ಬಿಣ ಕೊಡುವುದೆಲ್ಲ ಸುಳ್ಳು. ಅಷ್ಟೆಲ್ಲ ಹೇಳಿದವನು ಏನು ಮಾಡಿದೆ ಗೊತ್ತೇ? ಗೋಡೆಯ ಮೊಳೆಗೆ ನೇತುಹಾಕಿದ್ದ ಅಂಗಡಿಯ ಬೀಗದ ಕೈ ಗೊಂಚಲನ್ನು ಕಿತ್ತು ತಂದು ಅವಳ ಅಂಗೈಗೆ ಒತ್ತಿ ಹಿಡಿದು, ಶಿವ ಶಿವ ಎಂದು ಕೂಗುತ್ತಾ ಕೂತೆ. ಕುಣಿತ ನಿಂತ ಮೇಲೂ ಗೊಂಚಲು ಬಿಡಲಿಲ್ಲ. ಮರಿಯಪ್ಪನವರ ಮಗನ ಕಾರಿನಲ್ಲಿ ಹಾಸನಕ್ಕೆ ಹೊರಟಾಗಲೂ ಅದು ನಮ್ಮಿಬ್ಬರ ಕೈಗಳ ನಡುವೆಯೇ ಇತ್ತು. ಅವಳು ಉಸಿರಾಡುತ್ತಿದ್ದಾಳೋ ಇಲ್ಲವೋ ಎಂದು ಮೂಗಿನ ಮುಂದೆ ಬೆರಳು ಹಿಡಿದು ನೋಡಿ ನೋಡಿ, ಕೊನೆಗೆ ಯಾವುದು ಅವಳ ಉಸಿರು, ಯಾವುದು ಕಿಟಕಿಯ ಗಾಳಿ ಎಂದೇ ತಿಳಿಯದಾಯಿತು. ಮೊಸಳೆಹೊಸಳ್ಳಿ ದಾಟಿದ ಮೇಲೆ ಕಣ್ಣು ಬಿಟ್ಟು, "ಅವರೆಕಾಯಿ ಎಲ್ಲಿ?" ಅಂದಳು. ನನಗೆ ಅಳು ಬಂತು.

ಹಾಸನದ ಆಸ್ಪತ್ರೆಯಲ್ಲಿ ತಲೆಯ ಸ್ಕ್ಯಾನು ಮಾಡಿಸಿದರು. ಫಿಲ್ಮು ಬರುವ ತನಕ ಬೆಂಚಿನ ಮೇಲೆ ಕೂತವನು ನನ್ನ ಅಂಗಡಿಯ ಬೀರುಗಳನ್ನು ಒಂದೊಂದಾಗಿ ಮನಸ್ಸಿನಲ್ಲೇ ತೆರೆದು ನೋಡಿದೆ. ಗಡ್ಡೆಗೆ ಕೊಡುವ ಔಷಧಿ ಯಾವ ಬೀರುವಿನಲ್ಲಿದೆ, ಅದನ್ನು ಯಾರು ಯಾರು ಒಯ್ಯುತ್ತಿದ್ದರು, ಅವರಲ್ಲಿ ಯಾರು ಆಮೇಲೆ ಬರುವುದು ನಿಲ್ಲಿಸಿದರು. ಗೊತ್ತಿರುವವನ ಭಯ ದೊಡ್ಡದು. ಗೊತ್ತಿಲ್ಲದವನಿಗೆ ಒಂದೇ ಭಯ, ನನಗೆ ಬೀರುವಿಗೊಂದು.

ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಫಿಲ್ಮನ್ನು ಬೆಳಕಿಗೆ ಹಿಡಿದು, ಪೆನ್ನಿನ ತುದಿಯಿಂದ ಒಂದು ಬಿಳಿಯ ಉಂಗುರ ತೋರಿಸಿದರು. ಉಂಗುರದ ಒಳಗೆ ಒಂದು ಚುಕ್ಕೆ.

"ಹೆದರ್ಕೋಬೇಡಿ, ಇದು ಗಡ್ಡೆ ಅಲ್ಲ. ಹುಳ."

"ಹುಳ ಅಂದ್ರೆ ಮೇಡಂ?"

"ಲಾಡಿಹುಳದ ಮೊಟ್ಟೆ ಹೊಟ್ಟೆಗೆ ಹೋಗಿ, ಅಲ್ಲಿಂದ ಮರಿ ರಕ್ತದಲ್ಲಿ ಮೆದುಳಿಗೆ ಬಂದು ಕೂತ್ಕೊಂಡಿದೆ. ಅದು ಸಾಯೋವಾಗ ಸುತ್ತ ಊತ ಬರುತ್ತೆ. ಆವಾಗ ಫಿಟ್ಸ್."

"ಅದು ಹಂದಿ ತಿನ್ನೋರಿಗೆ ಬರೋದಲ್ವಾ? ನಾವು ಮಾಂಸ ಮುಟ್ಟೋ ಪೈಕಿ ಅಲ್ಲ ಮೇಡಂ."

"ಮುಟ್ಟದೇ ಇರೋರಿಗೂ ಬರುತ್ತೆ. ಹುಳ ಇರೋರು ಬಯಲಿಗೆ ಹೋಗಿರ್ತಾರೆ, ಆ ನೀರು ತರಕಾರಿ ಮಡಿಗೆ ಹೋಗಿರುತ್ತೆ. ಇಲ್ಲ ಯಾರದೋ ತೊಳೀದಿರೋ ಕೈ. ಸರಿಯಾಗಿ ತೊಳೀದೆ ಹಸಿ ಸೊಪ್ಪು ತಿಂದ್ರೆ ಸಾಕು. ಯಾವತ್ತು ತಿಂದದ್ದೋ, ವರ್ಷಗಳೇ ಆಗಿರಬಹುದು."

ವರ್ಷಗಳೇ ಆಗಿರಬಹುದು. ಆ ಮಾತು ನನ್ನೊಳಗೆ ಇಳಿದು ಕೂತಿತು. ವಿಷ ತಿಂದರೆ ಸಂಜೆಯೊಳಗೆ ಗೊತ್ತಾಗುತ್ತದೆ. ಹಳಸಿದ್ದು ತಿಂದರೆ ಬೆಳಗ್ಗೆಯೊಳಗೆ. ಇದು ಹಾಗಲ್ಲ. ಇವತ್ತಿನ ಎಲೆ ಎಂದೋ ಒಂದು ದಿನ, ಅವರೆಕಾಯಿ ಸುಲಿಯುವಾಗ ಬಂದು ಕೈ ಹಿಡಿಯುತ್ತದೆ. ನನ್ನ ಅಂಗಡಿಯಲ್ಲಿ ಎಲ್ಲದಕ್ಕೂ ಎಕ್ಸ್‌ಪೈರಿ ಡೇಟು ಇದೆ, ಈ ಭಯಕ್ಕೆ ಇಲ್ಲ.

ಹೊರಗೆ ವರಾಂಡದಲ್ಲಿ ಗಿರಿಜ ನನ್ನ ತೋಳು ಹಿಡಿದುಕೊಂಡು ಮೆಲ್ಲಗೆ ಕೇಳಿದಳು, "ರೀ, ಅದು ಈಗ ಜೀವಂತ ಇದೆಯಾ?"

"ಸಾಯ್ತಾ ಇದೆಯಂತೆ."

"ಸಾಯೋಕೆ ಇಷ್ಟು ಗಲಾಟೆ ಮಾಡ್ಬೇಕಾ?" ಅಂದಳು. ನಗುವುದಕ್ಕೆ ನೋಡಿದಳು, ಆಗಲಿಲ್ಲ.

ಚೀಟಿಯಲ್ಲಿ ಬರೆದ ಔಷಧಿಗಳ ಪೈಕಿ ಒಂದು, ನಾನು ಹಳ್ಳಿಯ ಹೆಂಗಸರಿಗೆ ನಗುತ್ತಾ ಕೊಡುತ್ತಿದ್ದ ಅದೇ ಹುಳದ ಮಾತ್ರೆ. ನನ್ನ ಅಂಗಡಿಯ ಬೀರುವಿನಿಂದ ನಾನೇ ತೆಗೆದು ಮನೆಗೆ ಒಯ್ದೆ. ಅವತ್ತಿನಿಂದ ಆ ಮಾತ್ರೆ ಕೊಡುವಾಗ ತಮಾಷೆ ಮಾಡಿಲ್ಲ. "ಕೈ ತೊಳ್ಸಮ್ಮ, ಸೊಪ್ಪು ತೊಳೀಮ್ಮ" ಎಂದು ಶುರು ಮಾಡಿದರೆ ನಿಲ್ಲಿಸುವುದಿಲ್ಲ. ಕೆಲವರು ಎದುರುಗಡೆ ಅಂಗಡಿಗೆ ಹೋಗುವುದನ್ನು ಕಲಿತಿದ್ದಾರೆ.

ಆಮೇಲೆ ನಮ್ಮ ಮನೆಯಲ್ಲಿ ನಡೆದದ್ದು ಬೇಯಿಸುವ ರಾಜ್ಯಭಾರ. ಅಡುಗೆಮನೆಗೆ ಕಾಲಿಡದಿದ್ದ ನಾನು ಅಲ್ಲಿ ಠಾಣೆ ಹೂಡಿದೆ. ಸೊಪ್ಪು ಬಣ್ಣಗೆಡುವ ತನಕ ಬೇಯಬೇಕು. ಸೌತೆಕಾಯಿ ಬೇಯಬೇಕು. ಸಾರಿನ ಮೇಲೆ ಉದುರಿಸುವ ಕೊತ್ತಂಬರಿಯೂ ಸಾರಿನೊಳಗೆ ಕುದಿಯಬೇಕು. ಅರಕಲಗೂಡಿನಲ್ಲಿ ನಂಟರ ಮದುವೆಯಾದಾಗ ಪಂಕ್ತಿಯಲ್ಲಿ ಅವಳ ಪಕ್ಕ ಕೂತು, ಅವಳ ಎಲೆಗೆ ಬಿದ್ದ ಕೋಸಂಬರಿಯನ್ನು ಬಡಿಸಿದವನು ಮುಂದೆ ಹೋಗುವುದರೊಳಗೆ ನನ್ನ ಎಲೆಗೆ ಎಳೆದುಕೊಂಡೆ. ಎದುರಿಗೆ ಕೂತಿದ್ದವರು, ಅಯ್ಯೋ ಹೆಂಡತಿಯದನ್ನೂ ಬಿಡದ ಹೊಟ್ಟೆಬಾಕ ಅಂದುಕೊಂಡಿರಬೇಕು. ಎಳೆದುಕೊಂಡದ್ದನ್ನು ತಿಂದೆನೇ ಅಂದರೆ ಅದೂ ಇಲ್ಲ, ಪಾಯಸದ ದೊನ್ನೆಯ ಕೆಳಗೆ ಮುಚ್ಚಿಟ್ಟೆ.

ಅವಳು ಶಾಲೆಗೆ ಮತ್ತೆ ಹೋಗಲು ಶುರು ಮಾಡಿದಾಗ ಬಸ್ಸು ಬೇಡವೆಂದು ಸ್ಕೂಟರಿನಲ್ಲಿ ನಾನೇ ಬಿಡುತ್ತಿದ್ದೆ. ಹಿಂದೆ ಕೂತವಳಿಗೆ ದಾರಿಯಲ್ಲಿ ಏನಾದರೂ ಆದರೆ? ಉದ್ದದ ಟವೆಲ್ಲಿನಿಂದ ಇಬ್ಬರ ಸೊಂಟವನ್ನೂ ಸೇರಿಸಿ ಕಟ್ಟಿಕೊಂಡು ಹೋಗುತ್ತಿದ್ದೆವು. ಶಾಲೆಯ ಗೇಟಿನಲ್ಲಿ ಗಂಟು ಬಿಚ್ಚುವಾಗ ಮಕ್ಕಳು ಕೇಕೆ ಹಾಕುತ್ತಿದ್ದವು. ಆಮೇಲಾಮೇಲೆ ಅವಳು ಶಾಲೆಗಿಂತ ಒಂದು ತಿರುವು ಮುಂಚೆಯೇ ಗಂಟು ಬಿಚ್ಚಿಸಿ ನಡೆದು ಹೋಗತೊಡಗಿದಳು.

ಇದೆಲ್ಲ ನಗುವ ಮಾತಾಯಿತು. ನಗಲಾರದ್ದು ಅಂದರೆ ಅವಳ ಮಾತು. ಮಾತಿನ ನಡುವೆ ಅವಳು ಒಂದು ಗಳಿಗೆ ನಿಲ್ಲಿಸಿದರೆ ನಾನು ಪೇಪರು ಕೆಳಗಿಟ್ಟುಬಿಡುತ್ತಿದ್ದೆ. ಎದ್ದು ಹೋಗಿ ಅವಳ ಬಲಗೈ ನೋಡುತ್ತಿದ್ದೆ.

"ಯೋಚ್ನೆ ಮಾಡ್ತಾ ಇದ್ದೆ ಕಣ್ರೀ. ಉಸಿರು ಎಳ್ಕೊಳೋಕಾದ್ರೂ ಬಿಡಿ" ಅನ್ನುತ್ತಿದ್ದಳು. ಕ್ರಮೇಣ ಅವಳು ನನ್ನ ಮುಂದೆ ಮಾತಾಡುವುದನ್ನೇ ಕಡಿಮೆ ಮಾಡಿದಳು. ಶುರು ಮಾಡದ ಮಾತು ನಡುವೆ ನಿಲ್ಲುವುದಿಲ್ಲವಲ್ಲ. ಮನೆ ಸದ್ದಡಗಿತು. ಮೈಸೂರಿನ ಹಾಸ್ಟೆಲಿನಿಂದ ಮಗಳು ಫೋನು ಮಾಡಿದಾಗ ಮಾತ್ರ ಹಳೆಯ ಗಿರಿಜ ಹಿತ್ತಿಲಿನಲ್ಲಿ ಕೇಳಿಸುತ್ತಿದ್ದಳು.

ಮತ್ತೊಮ್ಮೆ ಸ್ಕ್ಯಾನು ಮಾಡಿಸಿದಾಗ ಉಂಗುರ ಹೋಗಿ ಅಲ್ಲಿ ಸಾಸಿವೆಯಂಥ ಒಂದು ಬಿಳಿ ಕಾಳು ಉಳಿದಿತ್ತು. ಒಣಗಿದೆ ಅಂದರು. ಫಿಟ್ಸಿನ ಮಾತ್ರೆಯನ್ನು ನಿಧಾನವಾಗಿ ಇಳಿಸುತ್ತಾ ಬಂದು ಒಂದು ದಿನ ನಿಲ್ಲಿಸಿದರು. "ಇನ್ನು ಏನು ಬೇಕಾದ್ರೂ ತಿನ್ನಿ, ಚೆನ್ನಾಗಿ ತೊಳ್ಕೊಂಡು" ಅಂದರು ಡಾಕ್ಟರು. ಗಿರಿಜ ತಿರುಗಿ ನನ್ನ ಮುಖ ನೋಡಿದಳು.

ನಾನು ಡಾಕ್ಟರನ್ನು ಕೇಳಿದೆ, "ಉಪ್ಪು ನೀರಲ್ಲಿ ನೆನೆಸಿದ್ರೆ ಮೊಟ್ಟೆ ಸಾಯುತ್ತಾ ಮೇಡಂ? ಅರಿಶಿನ?"

"ಸಾಯೋದನ್ನ ನಂಬ್ಕೊಂಡು ಕೂರಬೇಡಿ. ಹರಿಯೋ ನೀರಲ್ಲಿ ಒಂದೊಂದೇ ಎಲೆ ಉಜ್ಜಿ ತೊಳೀರಿ, ಅಂಟಿರೋದು ಹೋಗುತ್ತೆ. ಅದಕ್ಕಿಂತ ಮುಂಚೆ ನಿಮ್ಮ ಕೈ ತೊಳೀರಿ."

ನಾನು ಹೂಂ ಅಂದೆ. ಮನೆಗೆ ಬಂದು ಬೇಯಿಸುವುದನ್ನು ಮುಂದುವರಿಸಿದೆ.

ಹೀಗಿರುವಾಗ ಗಿರಿಜಳ ತಮ್ಮ ಶಿವಣ್ಣ ಲೆಟ್ಯೂಸು ಬೆಳೆದ. ಕೊಣನೂರಿನಲ್ಲಿ ಇರುವ ಜಮೀನಿನ ಒಂದು ಮೂಲೆಗೆ ಹಸಿರು ನೆರಳು ಪರದೆ ಹಾಕಿ, ಯಾರೋ ಹೇಳಿದರೆಂದು ಬೀಜ ತಂದು ಸಸಿ ಮಾಡಿದ್ದ. ಬೆಳಗಿನ ಜಾವಕ್ಕೆ ಕೊಯ್ದು ಕ್ರೇಟಿಗೆ ತುಂಬಿ, ಚನ್ನರಾಯಪಟ್ಟಣದ ಹೈವೇಗೆ ಒಯ್ದರೆ ಅಲ್ಲಿಂದ ಬೆಂಗಳೂರಿನ ಗಾಡಿ ಎತ್ತಿಕೊಳ್ಳುತ್ತದೆ. ಆ ದಾರಿಯಲ್ಲಿ ನಮ್ಮ ಮನೆ. ಒಂದು ಬೆಳಗ್ಗೆ ಟೆಂಪೋ ನಿಲ್ಲಿಸಿ, ಗುಂಗುರು ಗುಂಗುರಾದ ಹಸಿರಿನ ಒಂದು ಪೆಟ್ಟಿಗೆಯನ್ನು ಜಗುಲಿಯ ಮೇಲಿಟ್ಟ.

"ಭಾವ, ತಕಳಿ. ಲೆಟ್ಯೂಸು. ಬೆಂಗ್ಳೂರ್ ಓಟ್ಲುಗಳ್ಗೆ ಓಗೋ ಮಾಲು. ನಮ್ ಎಮ್ಮೆ ಮಾತ್ರ ಮೂಸ್ ನೋಡಿ ಮಕ ತಿರುಗುಸ್ಬುಡ್ತು."

ಗಿರಿಜ ಒಳಗಿನಿಂದ ಓಡಿ ಬಂದಳು. ಒಂದು ಎಲೆಯನ್ನು ಮುರಿದಳು. ಹಸಿ ಮುರಿಯುವ ಆ ಸದ್ದು ಕೇಳಿದ್ದೇ ನಾನು ಮುನ್ನುಗ್ಗಿದೆ. ಅವಳ ಕೈಯಿಂದ ಎಲೆ ಕಸಿದು ಪೆಟ್ಟಿಗೆಗೆ ಹಾಕಿದೆ.

"ಯಾವ ನೀರು ಶಿವಣ್ಣ ಇದಕ್ಕೆ?"

"ಬೋರ್ ನೀರು ಭಾವ, ಡ್ರಿಪ್ಪು. ಕೆಳಗೆ ಪ್ಲಾಸ್ಟಿಕ್ ಆಸಿವ್ನಿ, ಎಲೆ ಮಣ್ಣಿಗೇ ತಾಕಲ್ಲ."

"ಕುಯ್ಯೋರು ಕೈ ತೊಳ್ಕೊಂಡಿರ್ತಾರಾ?"

ಶಿವಣ್ಣನ ಮುಖ ಸಣ್ಣದಾಯಿತು. "ನಾನೇ ಕಣ್ ಭಾವ ಕುಯ್ಯೋದು" ಅಂದ. ಕಾಫಿಗೂ ನಿಲ್ಲದೆ ಹೊರಟುಹೋದ.

ಗಿರಿಜ ಟೆಂಪೋ ತಿರುವು ದಾಟುವ ತನಕ ಜಗುಲಿಯಲ್ಲೇ ನಿಂತಿದ್ದಳು. ನಾನು ಪ್ರಾಯಶ್ಚಿತ್ತಕ್ಕೆಂಬಂತೆ ಪೆಟ್ಟಿಗೆಯಲ್ಲಿದ್ದ ಅಷ್ಟನ್ನೂ ನಲ್ಲಿಯ ಕೆಳಗೆ ಉಜ್ಜಿ ತೊಳೆದೆ. ನೀರು ಸೋರುತ್ತಿದ್ದ ಹಾಗೆಯೇ ಪ್ಲಾಸ್ಟಿಕ್ ಡಬ್ಬಿಗೆ ಒತ್ತಿ ತುಂಬಿ, ಮುಚ್ಚಳ ಬಿಗಿದು, ಫ್ರಿಜ್ಜಿನಲ್ಲಿಟ್ಟೆ. "ಆಮೇಲೆ ನೋಡೋಣ" ಅಂದೆ. ದಿನಾ ಬೆಳಗ್ಗೆ ಆಮೇಲೆ ನೋಡೋಣ ಅಂದುಕೊಂಡು, ಕೊನೆಗೊಂದು ದಿನ ಮುಚ್ಚಳ ತೆಗೆದರೆ ಒಳಗೆ ಕಪ್ಪು ಲೋಳೆ, ಕೆರೆಯ ಪಾಚಿಯ ನಾತ. ಹಿತ್ತಿಲಿನ ಗುಂಡಿಗೆ ಸುರಿಯುವಾಗ ನನಗೆ ಹಗುರವೆನಿಸಿತು. ತಲೆಯೆತ್ತಿದರೆ ಗಿರಿಜ ಕಿಟಕಿಯಲ್ಲಿ ನಿಂತು ನನ್ನ ಮುಖವನ್ನೇ ನೋಡುತ್ತಿದ್ದಳು.

ಮಗಳು ವಿಷಯ ತಿಳಿದು ಫೋನಿನಲ್ಲಿ ಗದರಿದಳು. "ಅಪ್ಪಾ, ಒದ್ದೆ ಎಲೇನ ಯಾರಾದ್ರೂ ಮುಚ್ಚಿಡ್ತಾರಾ? ತೊಳೆದು, ಬಟ್ಟೆ ಮೇಲೆ ಹರವಿ, ಪೂರ್ತಿ ಆರಿದ ಮೇಲೆ ಹತ್ತಿ ಬಟ್ಟೇಲಿ ಸುತ್ತಿ ಸಡಿಲವಾಗಿ ಇಡಬೇಕು. ಬಟ್ಟೆ ಒದ್ದೆ ಆದ್ರೆ ಬದಲಾಯಿಸ್ಬೇಕು." ನಾನು ಇನ್ನು ಆ ಪ್ರಶ್ನೆಯೇ ಏಳುವುದಿಲ್ಲ ಅಂದುಕೊಂಡೆ. ಶಿವಣ್ಣ ಮತ್ತೆ ಬರುವವನಲ್ಲ.

ಶಿವಣ್ಣ ಬಂದ. ಮುಂದಿನ ಕೊಯ್ಲಿಗೆ, ಭಾನುವಾರ ಬೆಳಗ್ಗೆ. ಪೆಟ್ಟಿಗೆಯನ್ನು ನನ್ನ ಕೈಗೆ ಕೊಡಲಿಲ್ಲ, ನೇರವಾಗಿ ಅಕ್ಕನ ಕೈಗಿಟ್ಟ. "ಬತ್ತೀನಿ ಅಕ್ಕ. ಭಾವ, ಕೈ ಸೋಪಾಕಿ ತೊಳ್ಕೊಂಡೇ ಕುಯ್ದಿವ್ನಿ" ಅಂದು, ನಾನು ಉತ್ತರ ಹುಡುಕುವುದರೊಳಗೆ ಟೆಂಪೋ ಬಿಟ್ಟ.

ಗಿರಿಜ ಪೆಟ್ಟಿಗೆಯನ್ನು ಸಿಂಕಿನ ಪಕ್ಕದ ಕಟ್ಟೆಯ ಮೇಲಿಟ್ಟು, ಸ್ಟೂಲು ಎಳೆದುಕೊಂಡು ಕೂತಳು.

"ತೊಳೀರಿ. ಇವತ್ತು ತಿಂತೀನಿ."

"ಸ್ವಲ್ಪ ಬಿಸಿನೀರಲ್ಲಿ ಬಾಡಿಸಿ..."

"ಬೇಡ."

"ಗಿರಿಜಾ, ಅಪ್ಪಿ ತಪ್ಪಿ ಮತ್ತೆ..."

"ರೀ, ನನ್ನ ತಲೇಲಿದ್ದ ಹುಳ ಒಣಗಿ ಹೋಯ್ತು. ನಿಮ್ಮ ತಲೇಲಿರೋದು ಇನ್ನೂ ಓಡಾಡ್ತಾ ಇದೆ."

ನಾನು ನಲ್ಲಿಯ ಕಡೆಗೆ ತಿರುಗಿದೆ. ಅವಳು ತಗ್ಗಿದ ದನಿಯಲ್ಲಿ ಹೇಳಿದಳು. "ನಂಗೆ ಭಯ ಇಲ್ಲ ಅಂದ್ಕೊಂಡಿದೀರಾ? ಬೋರ್ಡ್ ಮೇಲೆ ಬರೀವಾಗ ಕೈ ಒಂಚೂರು ಜೋಮು ಹಿಡಿದ್ರೆ ಸೀಮೆಸುಣ್ಣ ಕೆಳಗಿಟ್ಟು ಮಕ್ಕಳ ಕಡೆ ತಿರುಗಿ ನಿಂತ್ಕೋತೀನಿ. ಬೀಳೋದಾದ್ರೆ ಅವುಗಳ ಮೇಲೆ ಬೀಳಬಾರ್ದಲ್ಲ ಅಂತ ಜಾಗ ನೋಡ್ಕೋತೀನಿ. ದಿನಾ ನೋಡ್ಕೋತೀನಿ. ಆದ್ರೂ ಪಾಠ ಮಾಡ್ತೀನಲ್ಲ. ಹಂಗೇ ಇದೂನೂವೆ. ಹೆದ್ರಿಕೊಂಡೇ ತಿಂತೀನಿ, ತೊಳೀರಿ."

ಅಷ್ಟು ದಿನ ಒಂದೇ ಸೂರಿನಡಿಯಲ್ಲಿ ಹೆದರುತ್ತಿದ್ದೆವು, ಬೇರೆ ಬೇರೆಯಾಗಿ. ನನ್ನ ಭಯ ಕಾವಲು ಕಾಯುತ್ತಿತ್ತು, ಊರಿಗೆಲ್ಲ ಕಾಣುತ್ತಿತ್ತು. ಅವಳದ್ದು ತರಗತಿಯಲ್ಲಿ ಬೀಳಲು ಜಾಗ ಹುಡುಕುತ್ತಿತ್ತು, ನನಗೂ ಕಂಡಿರಲಿಲ್ಲ.

ನಾನು ಸೋಪು ಹಾಕಿ ಕೈ ತೊಳೆದೆ. ಉಗುರ ಸಂದಿಯನ್ನು ಹಳೆಯ ಬ್ರಷ್ಷಿನಿಂದ ಉಜ್ಜಿದೆ. ಬುಡ ಕತ್ತರಿಸಿ ಎಲೆಗಳನ್ನು ಬಿಡಿ ಮಾಡಿ, ಮೊದಲು ಅಗಲದ ಪಾತ್ರೆಯ ನೀರಿನಲ್ಲಿ ಮುಳುಗಿಸಿ ಅಲುಗಾಡಿಸಿದೆ. ತಳದಲ್ಲಿ ಚಿಟಿಕೆ ಮಣ್ಣು ಕೂತಿತು. ನೋಡು ಅನ್ನುವಂತೆ ಅವಳ ಕಡೆ ತಿರುಗಿದೆ. ನೋಡಿದೆ ಅನ್ನುವಂತೆ ಅವಳು ತಲೆಯಾಡಿಸಿದಳು. ಆ ನೀರು ಚೆಲ್ಲಿ, ನಲ್ಲಿ ಬಿಟ್ಟು ಒಂದೊಂದೇ ಎಲೆ. ಲೆಟ್ಯೂಸಿನ ಎಲೆ ಕಪಟದ ಎಲೆ, ನಮ್ಮ ದಂಟಿನ ಹಾಗೆ ಬಯಲಾಗಿರುವುದಿಲ್ಲ. ಅಂಚಿನಲ್ಲಿ ಸೀರೆಯ ನಿರಿಗೆಯ ಹಾಗೆ ಸುರುಳಿ ಸುರುಳಿ, ಪ್ರತಿ ಸುರುಳಿಯೊಳಗೂ ಒಂದು ಕತ್ತಲೆ. ಆ ಕತ್ತಲೆಗಳನ್ನೆಲ್ಲ ಹೆಬ್ಬೆರಳಿನಿಂದ ಬಿಡಿಸಿ, ನಡುನರದ ಬೆನ್ನು ಉಜ್ಜಿ, ತಿರುಗಿಸಿ, ಮತ್ತೆ ಉಜ್ಜಿದೆ. ಹೆಚ್ಚು ಒತ್ತಿದರೆ ಎಲೆ ಹರಿಯುತ್ತದೆ, ಕಡಿಮೆ ಒತ್ತಿದರೆ ಹುಳದ ನೆನಪಾಗುತ್ತದೆ. ನಲ್ಲಿಯ ನೀರಿಗೆ ಬೆರಳು ಮರಗಟ್ಟಿತು. ಟ್ಯಾಂಕಿನ ನೀರು ಮುಗಿಯುತ್ತೆ ಕಣ್ರೀ ಎಂದು ಅವಳು ಹೇಳಲಿಲ್ಲ. ಅದು ಅವತ್ತು ಅವಳು ನನಗೆ ತೋರಿದ ದೊಡ್ಡ ದಯೆ.

ಒಗೆದು ಮಡಚಿಟ್ಟಿದ್ದ ಪಂಚೆಯನ್ನು ಊಟದ ಮೇಜಿನ ಮೇಲೆ ಹಾಸಿ, ಎಲೆಗಳನ್ನು ಒಂದರ ಮೇಲೊಂದು ಬೀಳದಂತೆ ಹರವಿದೆವು. ಅವಳು ಆ ತುದಿಯಿಂದ, ನಾನು ಈ ತುದಿಯಿಂದ. ಆರಿದ್ದನ್ನು ಬಟ್ಟೆಯಲ್ಲಿ ಸುತ್ತಿ ಡಬ್ಬಿಗೆ ಹಾಕಿ ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿಟ್ಟೆ. ಅವಳು ತನಗೆಂದು ಒಂದು ಹಿಡಿ ತಟ್ಟೆಯಲ್ಲಿ ಉಳಿಸಿಕೊಂಡು, ಉಪ್ಪು, ನಿಂಬೆಹಣ್ಣು, ಹುರಿದ ಕಡಲೆಕಾಯಿಬೀಜದ ಪುಡಿ ಉದುರಿಸಿದಳು.

"ತಾಳು, ನಾನು ಮೊದ್ಲು ತಿಂತೀನಿ" ಅಂದೆ.

"ನೀವು ತಿಂದು ಏನ್ ಗೊತ್ತಾಗುತ್ತೆ? ವರ್ಷಗಟ್ಲೆ ಕಾಯ್ತಾ ಕೂರ್ಲಾ ನಾನು?"

ನಿಜ. ಆದರೂ ತಿಂದೆ. ನೀರಿನ ರುಚಿ, ಕೊನೆಯಲ್ಲಿ ಒಂದಿಷ್ಟು ಕಹಿ. ಇಷ್ಟಕ್ಕೇನಾ ಬೆಂಗಳೂರಿನ ಹೋಟೆಲಿನವರು ಟೆಂಪೋ ಕಾಯುವುದು ಅನಿಸಿತು. ಅವಳು ಒಂದು ಎಲೆ ಮಡಿಸಿ ಬಾಯಿಗಿಟ್ಟುಕೊಂಡಳು. ಎಷ್ಟೋ ಕಾಲದ ಮೇಲೆ ನಮ್ಮ ಮನೆಯಲ್ಲಿ ಹಸಿಯದನ್ನು ಕಚ್ಚಿದ ಸದ್ದು. ಅವಳು ಕಣ್ಣು ಮುಚ್ಚಿಕೊಂಡು ಅಗಿದಳು. ರುಚಿಗೋ, ಭಯಕ್ಕೋ ನಾನು ಕೇಳಲಿಲ್ಲ. ತಟ್ಟೆ ಖಾಲಿಯಾಗುವ ತನಕ ನಾನು ಅವಳ ಬಲಗೈಯನ್ನೇ ನೋಡುತ್ತಿದ್ದೆ, ಅವಳು ನೋಡಲು ಬಿಟ್ಟಳು.

ಸಂಜೆ ಅವಳು ಮಾತಾಡಿದಳು. ಹೆಡ್‌ಮಾಸ್ತರ ವಿಚಾರ, ಪಾತ್ರೆಗಳ ವಿಚಾರ, ಮಗಳ ವಿಚಾರ. ನಡುನಡುವೆ ನಿಲ್ಲಿಸಿದಳು. ಪ್ರತಿ ಸಲವೂ ಕುರ್ಚಿಯ ಕೈ ಹಿಡಿದುಕೊಂಡು ಕೂತೆ, ಏಳಲಿಲ್ಲ. ಮಾತು ಮತ್ತೆ ಹೊರಟಿತು.

ಮರುದಿನ ಬೆಳಗ್ಗೆ ನಾನು ಒಲೆಯ ಮೇಲೆ ಹಾಲಿಟ್ಟಿದ್ದೆ. ಗಿರಿಜ ಸೀರೆ, ಟವೆಲ್ಲು ಹೆಗಲಿಗೆ ಹಾಕಿಕೊಂಡು ಬಚ್ಚಲುಮನೆಗೆ ಹೋದಳು. ಆಸ್ಪತ್ರೆಯಿಂದ ಬಂದಂದಿನಿಂದ ಆ ಬಾಗಿಲಿಗೆ ಅವಳು ಚಿಲಕ ಹಾಕುವಂತಿರಲಿಲ್ಲ. ಒಳಗೆ ಏನಾದರೂ ಆದರೆ ಬಾಗಿಲು ಮುರಿಯಬೇಕಾಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಸಂದಿಯಷ್ಟು ಬಾಗಿಲು ತೆರೆದಿಟ್ಟು ಸ್ನಾನ ಮಾಡುವುದು ಅವಳಿಗೆ, ಹೊರಗೆ ಕುರ್ಚಿ ಹಾಕಿಕೊಂಡು ಕೂರುವುದು ನನಗೆ ಅಭ್ಯಾಸವಾಗಿಹೋಗಿತ್ತು. ಮಾತ್ರೆ ನಿಂತ ಮೇಲೂ ಅದನ್ನು ಬದಲಾಯಿಸುವ ಮಾತನ್ನು ಇಬ್ಬರೂ ಎತ್ತಿರಲಿಲ್ಲ. ಕುರ್ಚಿ ತರೋಣವೆಂದು ನಾನು ತಿರುಗುವಷ್ಟರಲ್ಲಿ ಒಳಗಿನಿಂದ ಸದ್ದು ಬಂತು. ತುಕ್ಕು ಹಿಡಿದದ್ದನ್ನು ಯಾರೋ ಎರಡೂ ಕೈಯಿಂದ ಎಳೆದ ಹಾಗೆ, ಕಿರ್ರೆಂದು, ಚಿಲಕ ಬಿತ್ತು.

ನಾನು ಬಾಗಿಲ ಮುಂದೆ ಹೋಗಿ ನಿಂತೆ. ಬಡಿಯಲು ಎತ್ತಿದ ಕೈಯನ್ನು ಹಾಗೆಯೇ ಇಳಿಸಿದೆ. ಕಿವಿಯನ್ನು ಹಲಗೆಗೆ ಇಟ್ಟೆ. ನೀರು ಬೀಳುವ ಸದ್ದು. ನಿಂತಿತು. ಮತ್ತೆ ಬಿತ್ತು.

"ರೀ, ಅಲ್ಲೇ ನಿಂತಿದೀರಾ ಅಂತ ಗೊತ್ತು" ಅಂದಳು ಒಳಗಿನಿಂದ. "ಹೋಗಿ, ಹಾಲು ಉಕ್ಕುತ್ತೆ."

ನಾನು ಹೋಗಲಿಲ್ಲ. ಹಾಲು ಉಕ್ಕಿತು.